ಕಿವಿಯಪ್ಪನವರು ಕೊಟ್ಟ ಸೊನ್ನೆ

ನಮ್ಮ ಪ್ರೌಢಶಾಲೆಯ ಸಭಾಂಗಣದ ಗೋಡೆಯ ಮೇಲೆ ವಿರಾಜಮಾನರಾಗಿ, ಮಕ್ಕಳ ಉತ್ಸಾಹವನ್ನು ಅವರ ಕೂಗಿನಿಂದಲೇ ಅಳೆದು ನೂರಕ್ಕೆ ಇಷ್ಟು ಎಂದು ಅಂಕ ಕೊಡುವ ಯಂತ್ರ ಮಹಾಶಯರೂ, ಮಕ್ಕಳ ಬಾಯಲ್ಲಿ ಕಿವಿಯಪ್ಪ ಎಂದೇ ಹೆಸರಾದವರೂ ಆದ ಮಾನ್ಯರೇ,

ದಿನಾ ಬೆಳಿಗ್ಗೆ ತಮ್ಮ ಮೈ ಒರೆಸುವ ಶಾಲೆಯ ಆಯಾಳ ನಮಸ್ಕಾರಗಳು. ಇಂದು ಶನಿವಾರ, ಶಾಲೆಗೆ ರಜೆ, ನನಗೆ ಉಪವಾಸ. ನೀರು ಹಿಡಿದು, ಅಂಗಳ ಗುಡಿಸಿ, ದೇವರ ಮುಂದೆ ದೀಪ ಹಚ್ಚಿ, ಮನೆಯವರಿಗೆ ಅಡುಗೆ ಮಾಡಿಟ್ಟು ಇದನ್ನು ಬರೆಯಲು ಕೂತಿದ್ದೇನೆ. ನಾನು ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ತಪ್ಪಿದ್ದರೆ ತಾವು ಹೊಟ್ಟೆಗೆ ಹಾಕಿಕೊಳ್ಳಬೇಕು.

ಈ ವರ್ಷ ಶಾಲೆ ತೆರೆದ ದಿನವೇ, ಮಕ್ಕಳಲ್ಲಿ ಶಾಲಾಭಿಮಾನ ಸಾಲದು ಎಂದು ಹೊಸ ಹೆಡ್ಮಾಸ್ತರು ಕಂಡುಹಿಡಿದರು. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕಸ ಗುಡಿಸುತ್ತಿದ್ದರೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಮಕ್ಕಳನ್ನು ಕೆಂಪು, ಹಸಿರು, ನೀಲಿ, ಹಳದಿ ಎಂದು ನಾಲ್ಕು ತಂಡ ಮಾಡಿದರು. ಒಂದೇ ಡಬ್ಬಿಯಲ್ಲಿ ಹಂಚಿಕೊಂಡು ಉಣ್ಣುತ್ತಿದ್ದ ಹುಡುಗಿಯರು, ಒಗ್ಗಟ್ಟು ಬೆಳೆಯಲಿ ಎಂಬ ಕಾರಣಕ್ಕೆ, ಬೇರೆ ಬೇರೆ ಕೂತರು. ಪ್ರಾರ್ಥನೆಯಲ್ಲಿ ಎರಡು ಚರಣ ಕತ್ತರಿಸಿ ಆ ಹೊತ್ತನ್ನು ಕೂಗಿಗೆ ಕೊಟ್ಟರು. ಆಮೇಲೆ ತಾವು ದಯಮಾಡಿಸಿದಿರಿ. ತಮ್ಮ ಕಾಲ್ಗುಣವನ್ನು ಎಷ್ಟು ಹೊಗಳಿದರೂ ಸಾಲದು: ನೀಲಿ ತಂಡಕ್ಕೆ ಕೂಗು ಕಲಿಸಿ ಗಂಟಲು ಕಟ್ಟಿದ ಲೆಕ್ಕದ ಮೇಷ್ಟ್ರು ಒಂದು ವಾರ ಕೈಸನ್ನೆಯಲ್ಲೇ ತ್ರಿಕೋನ ಬೋಧಿಸಿದರು, ಪಕ್ಕದ ಗ್ರಂಥಾಲಯ ‘ಸದ್ದು ಮಾಡಬಾರದು’ ಎಂಬ ತನ್ನ ಹಲಗೆಯನ್ನು ಹೊತ್ತುಕೊಂಡು ಉಗ್ರಾಣ ಸೇರಿತು, ಸೂರಿನಲ್ಲಿದ್ದ ಪಾರಿವಾಳಗಳು ಸಂಸಾರ ಸಮೇತ ಊರು ಬಿಟ್ಟವು. ಈ ಕೊನೆಯ ಉಪಕಾರದಿಂದ ನನ್ನ ಕೆಲಸ ಕಡಿಮೆಯಾಯಿತು, ಸುಳ್ಳೇಕೆ ಹೇಳಲಿ.

ನನ್ನ ಅಹವಾಲು ನನ್ನ ತಂಗಿಯ ಮಗಳದ್ದು. ನಮ್ಮ ಮನೆಯಲ್ಲೇ ಇದ್ದು ಹತ್ತನೆಯ ತರಗತಿ ಓದುತ್ತಾಳೆ, ಹಳದಿ ತಂಡ. ಮಾತು ಕಡಿಮೆ. ಅವಳು ಕರೆದರೆ ಮನೆಯ ಬೆಕ್ಕಿಗೂ ಕೇಳಿಸುವುದಿಲ್ಲ. “ನಿನ್ನಂಥವಳಿಂದಲೇ ಕಣೇ ನಾವು ಸೋಲೋದು” ಎಂದು ತಂಡದವರು ದಿನಾ ಚುಚ್ಚಿ, ಅವಳಿಗೆ ಶಾಲೆಯೇ ಬೇಡವಾಗಿತ್ತು. ಹೀಗಿರುವಾಗ ಅರ್ಧವಾರ್ಷಿಕ ಕೂಗಿನ ಸ್ಪರ್ಧೆಯ ದಿನ, ಹಳದಿಯವರು ಕೂಗುತ್ತಿದ್ದ ಹೊತ್ತಿಗೆ ಸರಿಯಾಗಿ, ತಮ್ಮ ಬೆನ್ನ ಹಿಂದಿನ ಮೆಟ್ಟಿಲ ಮೇಲೆ ನನ್ನ ಕೈಯಿಂದ ಕಬ್ಬಿಣದ ಬಕೆಟ್ಟು ಜಾರಿತು. ಹದಿನಾಲ್ಕು ಮೆಟ್ಟಿಲಿಗೂ ಒಂದೊಂದಾಗಿ ಕ್ಷೇಮಸಮಾಚಾರ ಕೇಳುತ್ತಾ ಇಳಿಯಿತು. ಆ ಗಲಾಟೆಯಲ್ಲಿ ಅದು ಬಕೆಟ್ಟೆಂದು ಯಾರಿಗೂ ತಿಳಿಯಲಿಲ್ಲ. ತಾವು ಮಾತ್ರ ಅದರ ಶಾಲಾಭಿಮಾನಕ್ಕೆ ಮನಸೋತು ತೊಂಬತ್ತೆಂಟು ಅಂಕ ಕೊಟ್ಟಿರಿ. ಮುಂದಿನ ಸಾಲಿನಲ್ಲಿ ಬೆಚ್ಚಿ ಬಾಯಿ ತೆರೆದು ನಿಂತಿದ್ದ ನಮ್ಮ ಹುಡುಗಿಯನ್ನು ಕಂಡ ಹೆಡ್ಮಾಸ್ತರು, “ಈ ಮಗು ನೋಡಿ, ಎಂಥ ಕಂಠ!” ಎಂದು ಅವಳಿಗೇ ನಾಯಕಿಯ ಬ್ಯಾಜು ಚುಚ್ಚಿದರು.

ಸಂಜೆ ಅವಳು, “ದೊಡ್ಡಮ್ಮಾ, ನನ್ನ ದನಿ ನಿಜವಾಗ್ಲೂ ಅಷ್ಟು ದೊಡ್ಡದಿದ್ಯಾ?” ಎಂದು ಕೇಳಿದಳು. ದೇವರ ಫೋಟೋ ಎದುರಿಗೇ ಇತ್ತು. ನಾನು “ಹೂಂ ಮಗಾ” ಅಂದುಬಿಟ್ಟೆ. ಅಂದಿನಿಂದ ಅವಳು ತಲೆ ಎತ್ತಿ ನಡೆದಳು, ತಂಡದವರನ್ನು ಮನೆಗೆ ಕರೆತಂದಳು, ಚಿಕ್ಕ ತರಗತಿಯವರಿಗೆ ಪಾಠ ಹೇಳಿಕೊಟ್ಟಳು. ನನಗೆ ಮಾತ್ರ ಪೂಜೆಗೆ ಕೂತರೆ ಮಂತ್ರ ಮರೆತು ಬಕೆಟ್ಟೇ ಕೇಳಿಸುತ್ತಿತ್ತು. ನಿನ್ನೆ ವರ್ಷದ ಕೊನೆಯ ಸ್ಪರ್ಧೆ. ಒಬ್ಬಳೇ ಕೂಗಿ ತಂಡವನ್ನು ನಡೆಸಬೇಕಾದ ಹುಡುಗಿ ನಾಲ್ಕು ಜನರ ಮುಂದೆ ನಗೆಗೀಡಾಗಬಾರದೆಂದು ಮೊನ್ನೆ ಎಲ್ಲ ಹೇಳಿಬಿಟ್ಟೆ. ಅವಳು “ಬಕೆಟ್ಟಾ?” ಅಂದು ನಕ್ಕಳು, ಆಮೇಲೆ ಅತ್ತಳು, ಆಮೇಲೆ ತಟ್ಟೆ ತೊಳೆದಿಟ್ಟು ಮಲಗಿದಳು.

ನಿನ್ನೆ ಅವಳು ವೇದಿಕೆ ಹತ್ತಿ, ಕೂಗಬೇಕಾದ ಜಾಗದಲ್ಲಿ, ಅರ್ಧವಾರ್ಷಿಕದ ಗೆಲುವು ನಮ್ಮದಲ್ಲ ಎಂದು ತನ್ನ ಸಣ್ಣ ದನಿಯಲ್ಲೇ ಹೇಳಿದ್ದು ತಮಗೆ ನೆನಪಿರಬಹುದು, ಇಲ್ಲದಿರಲೂಬಹುದು. ಅದನ್ನು ಕೇಳಿಸಿಕೊಳ್ಳಲು ಎಂಟುನೂರು ಮಕ್ಕಳು ಉಸಿರು ಬಿಗಿಹಿಡಿದರು, ಕೆಂಪಿನವರೂ ನೀಲಿಯವರೂ ಒಟ್ಟಿಗೆ ಮುಂದಕ್ಕೆ ಬಾಗಿದರು. ಈ ವರ್ಷದಲ್ಲಿ ಇಡೀ ಶಾಲೆ ಒಂದಾಗಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ತಾವು ಸೊನ್ನೆ ತೋರಿಸಿದಿರಿ. ಅವಳು ಬ್ಯಾಜು ಬಿಚ್ಚಿ ಮೇಜಿನ ಮೇಲಿಟ್ಟಳು. ತಂಡದವರು ಅವಳೇ ನಾಯಕಿಯಾಗಿರಲಿ ಅನ್ನುತ್ತಾರೆ. ಹೆಡ್ಮಾಸ್ತರು, “ನಾನೇನ್ ಮಾಡ್ಲಮ್ಮ, ಯಂತ್ರ ಸೊನ್ನೆ ಅಂದಿದೆ, ಸೋಮವಾರ ನೋಡೋಣ” ಅನ್ನುತ್ತಾರೆ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ: ಸೋಮವಾರದೊಳಗೆ ಆ ಸೊನ್ನೆಯನ್ನು ಮರುಪರಿಶೀಲಿಸಬೇಕು. ಕೂಗದೆ ನಿಂತವರ ಧೈರ್ಯಕ್ಕೆ ತಮ್ಮ ಹೊಟ್ಟೆಯೊಳಗೆ ಅಂಕ ತೋರಿಸುವ ಇನ್ನೊಂದು ಮುಳ್ಳು ಹಾಕಿಸಿಕೊಳ್ಳಬೇಕು. ಅದು ಸಾಧ್ಯವಾಗದಿದ್ದರೆ, ಕನಿಷ್ಠ ಪಕ್ಷ, ಮನುಷ್ಯರು ತೀರ್ಮಾನಿಸಬೇಕಾದ್ದನ್ನು ಮನುಷ್ಯರೇ ತೀರ್ಮಾನಿಸಲಿ ಎಂದು ಹೆಡ್ಮಾಸ್ತರಿಗೆ ತಾವೇ ತಿಳಿಹೇಳಬೇಕು. ನಮ್ಮ ಮಾತಿಗಿಂತ ತಮ್ಮ ಮಾತಿಗೆ ಅವರಲ್ಲಿ ಬೆಲೆ ಜಾಸ್ತಿ.

ಇಷ್ಟೆಲ್ಲ ಆದ ಮೇಲೂ ಸೋಮವಾರ ತಮ್ಮ ಧೂಳು ಒರೆಸಲಿರುವ,
ತಮ್ಮ ವಿಶ್ವಾಸಿ,
ಸಭಾಂಗಣದ ಆಯಾ

ತಾಜಾಕಲಂ: ನಿನ್ನೆ ಎಲ್ಲರೂ ಹೋದ ಮೇಲೆ ತಮ್ಮ ಮೈ ಒರೆಸುವಾಗ ತಮ್ಮ ಮುಳ್ಳು ಹನ್ನೆರಡಕ್ಕೆ ಏರಿತು. ಆ ಲೆಕ್ಕದಲ್ಲಿ ಬ್ಯಾಜು ನನ್ನ ಒರೆಸುವ ಬಟ್ಟೆಗೇ ಸಲ್ಲಬೇಕು. ಅದು ಹರಿದಿದೆ, ಚುಚ್ಚಲು ಜಾಗವಿಲ್ಲ. ಜವಾಬು ಬರೆದಿಡಿ, ತರಲು ಸೋಮವಾರ ನಮ್ಮ ಹುಡುಗಿಯನ್ನೇ ಕಳಿಸುತ್ತೇನೆ. ಅವಳು ಕೂಗಿ ಕೇಳುವವಳಲ್ಲ. ತಾವೇ ಸ್ವಲ್ಪ ಕಿವಿಗೊಡಬೇಕು.