ಶಾಸಕರು ಕೇಳದ ಬೇಡಿಕೆ

ಒಬ್ಬ ಮನುಷ್ಯ ಇಪ್ಪತ್ತೈದು ವರ್ಷ ಶಾಸಕನಾಗಿದ್ದು, ಅಷ್ಟೂ ವರ್ಷ ಸದನದಲ್ಲಿ ತುಟಿ ಪಿಟಕ್ಕೆನ್ನದೆ ಕೂತಿದ್ದರೆ ಯಾರ ಗಂಟು ಹೋಯಿತು? ಬದುಕಿರುವವರೆಗೆ ಯಾರದೂ ಇಲ್ಲ. ಸತ್ತ ದಿನ ಮಾತ್ರ, ಅವರ ಸಂತಾಪ ಸೂಚನೆ ಬರೆಯಬೇಕಾದ ಗುಮಾಸ್ತನ ಗ್ರಹಚಾರ ಕೆಡುತ್ತದೆ.

ವಿಧಾನಸಭೆಯ ಕಚೇರಿಯಲ್ಲಿ ಈ ಗುಮಾಸ್ತನಿಗೆ ‘ಸಂತಾಪ’ ಎಂದೇ ಹೆಸರು ಬಿದ್ದಿತ್ತು. ತೀರಿಕೊಂಡ ಶಾಸಕರ ಬಗ್ಗೆ ಸಭಾಧ್ಯಕ್ಷರು ಓದುವ ಒಂದು ಪುಟ ಬರೆದುಕೊಡುವುದು ಅವನ ಕೆಲಸ. ಬೆಳಿಗ್ಗೆ ಒಂಬತ್ತಕ್ಕೇ ಮೇಲಧಿಕಾರಿ ಅವನ ಮೇಜಿನ ಮುಂದೆ ಬಂದು ನಿಂತರು.

“ಬಾಯಿ ಬಿಡದ ನಮ್ಮ ಶಾಸಕರು ರಾತ್ರಿ ತೀರಿಕೊಂಡ್ರು. ಹನ್ನೊಂದಕ್ಕೆ ಸದನ. ಕಳೆದ ಸಲ ಸತ್ತವರ ಹೆಸರಿನ ಬದಲು ಅವರ ಅಳಿಯನ ಹೆಸರು ಬರೆದಿದ್ರಿ. ಅಳಿಯ ಎದುರಿಗೇ ಕೂತಿದ್ದ. ಈ ಸಲ ಏನಾದ್ರೂ ಎಡವಟ್ಟಾದ್ರೆ ನಿಮ್ಮನ್ನ ದೂರದ ಊರಿಗೆ ಎತ್ತಂಗಡಿ ಮಾಡಿಸ್ತೀನಿ, ನೋಡ್ತಾ ಇರಿ.”

ಸಂತಾಪನ ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕು. ಆ ಯಂತ್ರ ಇದ್ದದ್ದು ಈ ಊರಿನ ದೊಡ್ಡಾಸ್ಪತ್ರೆಯಲ್ಲಿ. ಊರು ಬಿಟ್ಟರೆ ಅವಳು ಉಳಿಯುವುದಿಲ್ಲ.

ಸದನದ ನಡಾವಳಿಯ ಸಂಪುಟಗಳನ್ನೆಲ್ಲ ಜಾಲಾಡಿದ. ಐದು ಸಲ ಗೆದ್ದ ಶಾಸಕರು ಆಡಿದ್ದು ಒಂದೇ ಮಾತು: “ಫ್ಯಾನ್ ಸ್ವಲ್ಪ ಜೋರು ಮಾಡಿ.”

ಅವರ ಮಗನಿಗೆ ಫೋನು ಮಾಡಿದ.

“ಅಪ್ಪ ಮನೇಲೂ ಮಾತಾಡ್ತಿರಲಿಲ್ಲ ಸಾರ್,” ಎಂದ ಮಗ. “ಓಟು ಕೇಳೋಕೆ ಹೋದ್ರೂ ಬರೀ ನಗೋರು. ಜನಕ್ಕೆ ಅದೇ ಇಷ್ಟ ಆಗಿತ್ತು.”

ಅಷ್ಟರಲ್ಲಿ ಕಚೇರಿಯೇ ಅವನ ಮೇಜಿಗೆ ಮುತ್ತಿಕೊಂಡಿತು. ಬಿಟ್ಟಿ ಸಲಹೆಗೇನು ಬರ.

“ಬಡವರ ಬಂಧು ಅಂತ ಹಾಕಿ,” ಎಂದಳು ಟೈಪಿಸ್ಟ್.

“ಅದನ್ನ ಹಿಂದಿನ ನಾಲ್ಕು ಜನಕ್ಕೂ ಹಾಕಿದೀನಲ್ಲಮ್ಮ.”

“ರಸ್ತೆಗಾಗಿ ಹೋರಾಡಿದ್ರು ಅನ್ನಿ.”

“ರಸ್ತೆ ಮಂತ್ರಿ ಕೆಂಡ ಆಗ್ತಾರೆ.”

“ಶಾಲೆ?”

“ಯಾಕೆ ಕೊಡಲಿಲ್ಲ ಅಂತ ವಿರೋಧ ಪಕ್ಷದವರು ಎದ್ದು ನಿಲ್ತಾರೆ.”

ದಾಖಲೆ ಕೋಣೆಯ ಮುದುಕರು ಕನ್ನಡಕ ಒರೆಸುತ್ತ ಹೇಳಿದರು: “ಯಾರಿಗೂ ಬೇಡದ್ದನ್ನ ಅವರು ಕೇಳಿದ್ರು ಅಂತ ಬರೆದುಬಿಡಿ. ಕೊಡೋರೂ ಇರಲ್ಲ, ಜಗಳ ಆಡೋರೂ ಇರಲ್ಲ.”

ಗಂಟೆ ಹತ್ತೂ ಮುಕ್ಕಾಲು. ಸಂತಾಪ ಕಣ್ಣುಮುಚ್ಚಿ ಗೀಚಿದ: ‘ವಿಧಾನಸಭೆ ಕಚೇರಿಯ ಶಾಖೆಯೊಂದನ್ನು ದೂರದ ತಮ್ಮ ಕ್ಷೇತ್ರದಲ್ಲಿ ತೆರೆಯಬೇಕೆಂದು ದಿವಂಗತರು ಕೊನೆಯವರೆಗೂ ಪಟ್ಟು ಹಿಡಿದಿದ್ದರು.’ ಎರಡು ದಿನ ಬಸ್ಸಿನಲ್ಲಿ ಕುಲುಕಾಡಿ ತಲುಪುವ ಆ ಮೂಲೆಗೆ ಕಚೇರಿ ಕೊಡುವಷ್ಟು ತಲೆ ಕೆಟ್ಟವರು ಯಾರಿದ್ದಾರೆ?

ಸಭಾಧ್ಯಕ್ಷರು ಗದ್ಗದಿತರಾಗಿ ಓದಿದರು. ವಿರೋಧ ಪಕ್ಷದ ನಾಯಕರು ಕಣ್ಣೊರೆಸಿಕೊಂಡು ಎದ್ದರು. “ಆ ಶಾಖೆಗಾಗಿ ಅವರು ಗಂಟಲು ಹರಿದುಕೊಳ್ತಿದ್ದದ್ದು ಇನ್ನೂ ನನ್ನ ಕಿವೀಲಿದೆ. ಪಾಪ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ.”

ಮುಖ್ಯಮಂತ್ರಿ ಸುಮ್ಮನಿದ್ದಾರೆಯೇ? “ನನ್ನ ಕೈ ಹಿಡ್ಕೊಂಡು ಕೇಳಿದ್ರು. ಸೋಮವಾರದಿಂದಲೇ ಶಾಖೆ ಶುರು,” ಎಂದರು. ಎಲ್ಲರೂ ಎದ್ದು ಒಂದು ನಿಮಿಷ ಮೌನ ಆಚರಿಸಿದರು. ಆ ನಿಮಿಷ ಸಂತಾಪನಿಗೆ ಮಾತ್ರ ಮುಗಿಯಲೇ ಇಲ್ಲ.

ಮಧ್ಯಾಹ್ನ ಮೇಲಧಿಕಾರಿ ಅವನ ಬೆನ್ನು ತಟ್ಟಿ ಒಂದು ಹಾಳೆ ಕೊಟ್ಟರು. “ಭೇಷ್. ಅವರ ಮನಸ್ಸನ್ನ ಇಷ್ಟು ಚೆನ್ನಾಗಿ ಅರಿತವರೇ ಅಲ್ಲಿ ಇರಬೇಕು ಅಂತ ಮುಖ್ಯಮಂತ್ರಿಗಳ ಆಸೆ. ಸೋಮವಾರ ಹಾಜರಾಗಿ.”

“ಸಾರ್, ನಿಜ ಹೇಳ್ಬಿಡ್ತೀನಿ. ಅವರು ಅದನ್ನ ಕೇಳೇ ಇರಲಿಲ್ಲ.”

“ಮುಖ್ಯಮಂತ್ರಿಗಳಿಗೆ ನೆನಪಿದೆ, ವಿರೋಧ ಪಕ್ಷದವರಿಗೂ ನೆನಪಿದೆ. ನಿಮಗೊಬ್ಬರಿಗೇ ನೆನಪಿಲ್ವಾ? ಸದನಕ್ಕೆ ಸುಳ್ಳು ಬರೆದುಕೊಟ್ಟೆ ಅಂತ ಬೇಕಾದ್ರೆ ಬರೆದುಕೊಡಿ. ವರ್ಗ ರದ್ದಾಗುತ್ತೆ, ನೌಕರೀನೂ ರದ್ದಾಗುತ್ತೆ.”

ನೌಕರಿ ಹೋದರೆ ಆಸ್ಪತ್ರೆಯ ಖರ್ಚು ಕೊಡುವವರಾರು? ಸಂತಾಪ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. ಮತ್ತೆ ಶಾಸಕರ ಮಗನಿಗೆ ಫೋನು ಮಾಡಿ ಒಂದೇ ಒಂದು ಪ್ರಶ್ನೆ ಕೇಳಿದ.

ಸಂಜೆ ದೊಡ್ಡಾಸ್ಪತ್ರೆಯಲ್ಲಿ, ಕೈಗೆ ಕೊಳವೆ ಚುಚ್ಚಿಸಿಕೊಂಡು ಮಲಗಿದ್ದ ಹೆಂಡತಿಯ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಯಂತ್ರ ತನ್ನ ಪಾಡಿಗೆ ಗುರ್ರೆನ್ನುತ್ತಿತ್ತು.

“ಅಲ್ಲಿ ಈ ಮೆಷಿನ್ ಇದೆಯಾ?” ಎಂದಳು.

“ಇಲ್ವಂತೆ, ಅವರ ಮಗನನ್ನೇ ಕೇಳಿದೆ. ಶಾಸಕರಿಗೂ ಇದೇ ಕಾಯಿಲೆ ಇತ್ತಂತೆ. ಅದಕ್ಕೇ ನಾಲ್ಕು ವರ್ಷದಿಂದ ಆ ಕಡೆ ತಲೆ ಹಾಕಿರಲಿಲ್ಲವಂತೆ, ಇಲ್ಲೇ ಇದ್ದು ಇಲ್ಲೇ ಹೋದ್ರು.”

ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

“ಅಲ್ರೀ, ಏನು ಬರೆದ್ರೂ ಕೊಡೋ ದಿನ ಇವತ್ತು,” ಎಂದಳು. “ಆಫೀಸಿನ ಬದಲು ಒಂದು ಆಸ್ಪತ್ರೆ ಅಂತ ಬರೀಬಾರದಿತ್ತಾ?”