ಕಣ್ಣಿಲ್ಲದ ನವಿಲು

ಇವತ್ತು ಕಣ್ಣು ಹೊಲಿದುಬಿಡಲೇ, ಬೇಡವೇ?

ಶಿಕಾರಿಪುರದ ಉಚ್ಚಂಗಪ್ಪನಿಗೆ ಈ ಅನುಮಾನ ಹೊಸದಲ್ಲ. ತೊಡೆಯ ಮೇಲೆ ಅಜ್ಜಿಯ ಎಲೆಅಡಿಕೆ ಸಂಚಿ. ಅದರ ಮೇಲೆ ಅಜ್ಜಿ ಅರ್ಧ ಹೊಲಿದು ಬಿಟ್ಟುಹೋದ ನವಿಲು. ತಾನು ಗಾಡಿಯಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ ಅವಳ ಪಕ್ಕದಲ್ಲೇ ಮಲಗಿ ಅವನು ಕಸೂತಿ ಕಲಿತಿದ್ದ. ಅವಳು ಹೋದಮೇಲೆ ಗರಿಗಳನ್ನೆಲ್ಲ ಅವನೇ ತುಂಬಿದ. ಉಳಿದದ್ದು ಕಣ್ಣು ಮಾತ್ರ. ಕಣ್ಣು ಹೊಲಿದರೆ ಅಜ್ಜಿಯ ಜೊತೆಗಿನ ಕೆಲಸ ಮುಗಿದುಹೋಗುತ್ತದೆ. ಅದಕ್ಕೇ ಅವನು ನವಿಲಿನ ಸುತ್ತ ಬಳ್ಳಿ ಹೊಲಿದ, ಬಳ್ಳಿಗೆ ಹೂ, ಹೂವಿಗೆ ದುಂಬಿ. ಈಗ ಒಂದು ಇರುವೆಗೂ ಜಾಗವಿರಲಿಲ್ಲ.

ಮಧ್ಯಾಹ್ನ ಬಾಗಿಲು ಹಾಕಿಕೊಂಡು ಅಜ್ಜಿಯ ಪೆಟ್ಟಿಗೆ ತೆರೆದು, ಗಿಳಿಮೂತಿಯ ಅಡಕೊತ್ತು, ಸುಣ್ಣದ ಡಬ್ಬಿಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಆಮೇಲೆ ಅವನು ಸೂಜಿ ಹಿಡಿಯುತ್ತಿದ್ದುದು ತಂಗಿ ವರದಮ್ಮನನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅವನ ಮೀಸೆ ಅಂಥದ್ದು. ಎರಡು ಬೆಕ್ಕು ಬೆನ್ನಿಗೆ ಬೆನ್ನು ಕೊಟ್ಟು ಮಲಗಿದಂತಿದ್ದ ಆ ಮೀಸೆಯ ಕೆಳಗೆ ಸೂಜಿದಾರ ಎಂದರೆ, ಮತ್ತೆ ಸಂತೆಯಲ್ಲಿ ತಲೆ ಎತ್ತುವಂತಿರಲಿಲ್ಲ.

ಅವತ್ತು ಜಡೆ ಊರಿನಿಂದ ವರದಮ್ಮನನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಸೊರಬದ ಕಡೆ ಮಂಗನ ಕಾಯಿಲೆಯ ಹೆದರಿಕೆಯಿಂದ ಜನ ಓಡಾಟ ಕಡಿಮೆ ಮಾಡಿದ್ದರು. ಬಸ್ಸು ಎಲ್ಲೂ ನಿಲ್ಲದೆ ಬೇಗ ಬಂದುಬಿಟ್ಟಿತು. ಬಾಗಿಲು ತಟ್ಟಿದಾಗ ಉಚ್ಚಂಗಪ್ಪ ಬೇರೇನೂ ತೋಚದೆ ಸಂಚಿಯನ್ನು ಚಾಪೆಯ ಕೆಳಗೆ ತುರುಕಿದ.

ಗಂಡಿನ ತಾಯಿ ವೀರಮ್ಮ, ನುಣ್ಣಗೆ ಮೀಸೆ ಬೋಳಿಸಿಕೊಂಡ ಹುಡುಗ ಪರಮಶಿವಪ್ಪ ಬಂದು ಕೂತರು. ಕರೆಯದೆ ಬಂದ ಪಕ್ಕದ ಮನೆಯ ತಿಮ್ಮಮ್ಮ ಅವರಿಗಿಂತ ಮೊದಲೇ ಕೂತಿದ್ದಳು. ಎಲ್ಲರೂ ಕೂತಮೇಲೆ ಉಚ್ಚಂಗಪ್ಪ ಚಾಪೆಯ ಮೇಲೆ ಕೂತ. ಕೂತವನು ಬಾಣಲೆಗೆ ಬಿದ್ದ ಸಾಸಿವೆಯಂತೆ ಮೇಲೆದ್ದ. ಸೂಜಿ ಸಂಚಿಯಲ್ಲೇ ಇತ್ತು.

ತಿಮ್ಮಮ್ಮ ಚಾಪೆ ಎತ್ತಿದಳು.

"ಅಯ್ಯೋ, ತಂಗಿ ಕೆಲಸದ ಮೇಲೆ ಕೂತಿದೀಯಲ್ಲೋ. ನೋಡ್ರೀ ವೀರಮ್ಮ, ನಮ್ಮ ವರದಮ್ಮನ ಕೈಕೆಲಸ."

ವೀರಮ್ಮ ಸಂಚಿಯನ್ನು ಬೆಳಕಿಗೆ ಹಿಡಿದರು. ಅವರ ಕೈಚೀಲದ ಮೇಲೂ ಒಂದು ಕಸೂತಿಯ ಆನೆ ಇತ್ತು. "ಈ ಆನೆ ನಮ್ಮ ಹಿರೀ ಮಗಳು ಹೊಲ್ದಿದ್ದು. ನಿಮ್ಮ ಸಂಚೀನೂ ಚಲೋ ಐತಿ. ಆದ್ರೆ ನವಿಲು ಕುರುಡೈತಲ್ಲ? ಕಣ್ಣು ಹಾಕವ್ವ, ನೋಡೋಣ."

ಸೂಜಿಗೆ ದಾರ ಪೋಣಿಸಲೂ ಬಾರದ ವರದಮ್ಮ ಅಣ್ಣನ ಮುಖ ನೋಡಿದಳು. "ಹಿತ್ತಿಲಲ್ಲಿ ಬೆಳಕು ಚೆನ್ನಾಗೈತೆ, ಅಲ್ಲೇ ಹೊಲ್ಕೊಂಡು ಬರ್ತೀನಿ," ಎಂದು ಸಂಚಿ ತೆಗೆದುಕೊಂಡು ಎದ್ದಳು.

ಉಚ್ಚಂಗಪ್ಪನೂ ಎದ್ದ. "ನೀರು ಕುಡ್ಕೊಂಡು ಬರ್ತೀನಿ."

"ಕೂತ್ಕಳೋ, ನಾನು ತರ್ತೀನಿ," ಎಂದು ತಿಮ್ಮಮ್ಮ ಚೊಂಬು ತಂದಿಟ್ಟಳು. ಅವನು ಪೂರ್ತಿ ಕುಡಿದ.

"ಎಮ್ಮೆ ಹಗ್ಗ ಬಿಚ್ಕಂಡಂಗೆ ಕಾಣುತ್ತೆ," ಎಂದು ಮತ್ತೆ ಎದ್ದ.

"ನಿಮ್ಮೆಮ್ಮೆ ಮೇಯಕ್ಕೆ ಹೋಗಿ ಎಷ್ಟೊತ್ತಾಯ್ತು. ಬಂದೋರ ಜೊತೆ ಎರಡು ಮಾತಾಡು."

ಕೊನೆಗೆ ಉಚ್ಚಂಗಪ್ಪ ಹೊಟ್ಟೆ ಹಿಡಿದುಕೊಂಡು ಅದೇ ಚೊಂಬನ್ನು ಎತ್ತಿಕೊಂಡ. ತಿಮ್ಮಮ್ಮ ತಾನೇ ಸರಿದು ದಾರಿ ಬಿಟ್ಟಳು.

ಹಿತ್ತಿಲ ಬಾಳೆಗಿಡದ ಮರೆಯಲ್ಲಿ ತಂಗಿ ಕಾವಲು ನಿಂತಳು. ಎಷ್ಟೋ ಮಳೆಗಾಲ ಮುಂದೂಡಿದ ಕಣ್ಣನ್ನು ಅವನು ಹೊಲಿದ. ಅಜ್ಜಿ ಹೇಳಿಕೊಟ್ಟಂತೆ ಗಂಟು ಅಡಿಯಲ್ಲಿ ಮುಚ್ಚಿ, ದಾರವನ್ನು ಹಲ್ಲಿನಲ್ಲಿ ಕಡಿದ. ನವಿಲು ಅವನನ್ನೇ ನೋಡಿತು.

"ಅಣ್ಣಾ, ಬೇಗ ಕೊಡೋ," ಎಂದಳು ವರದಮ್ಮ.

ಕಣ್ಣು ನೋಡಿದ ವೀರಮ್ಮ ಅಲ್ಲೇ ಸಂಬಂಧ ಒಪ್ಪಿದರು. ಒಪ್ಪಿದ್ದಷ್ಟೇ ಅಲ್ಲ, ತಟ್ಟೆಯಲ್ಲಿದ್ದ ಎಲೆಅಡಿಕೆಯನ್ನು ಸಂಚಿಗೆ ತುಂಬಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸೊಸೆ ಕೈಯಿಂದ ಬಂದ ಮೊದಲ್ನೇ ಸಾಮಾನು. ಬಿಟ್ಟು ಹೋಗ್ತೀನಾ?"

"ತಗೊಂಡ್ ಹೋಗ್ರಿ, ವರದಮ್ಮ ಬೇಕಾದ್ರೆ ಇನ್ನೂ ಹತ್ತು ಹೊಲೀತಾಳೆ," ಎಂದಳು ತಿಮ್ಮಮ್ಮ.

ಬಸ್ ಸ್ಟ್ಯಾಂಡಿನವರೆಗೂ ಉಚ್ಚಂಗಪ್ಪ ಆ ಸೊಂಟವನ್ನೇ ನೋಡುತ್ತ ನಡೆದ. ವೀರಮ್ಮ ಬಸ್ಸು ಹತ್ತಿ ಕಿಟಕಿ ಹಿಡಿದರು. ಕೆಳಗೆ ನಿಂತಿದ್ದ ಪರಮಶಿವಪ್ಪ ಅತ್ತಿತ್ತ ನೋಡಿ, ಭಾವನ ಮೀಸೆಯಿಂದ ಒಂದು ನೀಲಿ ದಾರದ ತುಂಡನ್ನು ಮೆಲ್ಲಗೆ ಎಳೆದು ತೆಗೆದ.

"ದಾರ ಹಲ್ಲಲ್ಲಿ ಕಡೀಬಾರ್ದು ಭಾವ. ಮೀಸೆಗೆ ಸಿಕ್ಕಂತತಿ. ನಾನು ಬೋಳ್ಸಿದ್ದು ಅದಕ್ಕೇಯ."

ಉಚ್ಚಂಗಪ್ಪ ಮೀಸೆ ಮುಟ್ಟಿಕೊಂಡ.

"ನಮ್ಮವ್ವನ ಚೀಲದಾಗಿನ ಆನೆ ನಂದೇ, ಹೆಸರು ಅಕ್ಕಂದು. ಇನ್ನು ನಿಮ್ ತಂಗಿ ಹೆಸರಲ್ಲಿ ಅರ್ಧ ನಾನು ಹೊಲೀತೀನಿ, ಅರ್ಧ ನಿಮಗೆ ಕಳಿಸ್ತೀನಿ. ಯಾರಿಗೂ ಹೇಳ್ಬ್ಯಾಡ್ರಿ."

ಲೋಕದಲ್ಲಿ ಈ ಸಂಕಟ ಅರ್ಥವಾಗುವ ಒಬ್ಬನೇ ಒಬ್ಬ ಎದುರಿಗೆ ನಿಂತಿದ್ದ. ಉಚ್ಚಂಗಪ್ಪ ಹೇಳಲು ಬಾಯಿ ತೆರೆದ. ಕಿಟಕಿಯಲ್ಲಿ ವೀರಮ್ಮ ಸಂಚಿ ಬಿಚ್ಚಿ, ನವಿಲಿನ ಬೆನ್ನಿಗೆ ಸುಣ್ಣದ ಬೆರಳು ಒರೆಸುತ್ತಿದ್ದರು.

"ಏನೋ ಹೇಳಕ್ಕೆ ಬಂದ್ರಿ?" ಎಂದ ಪರಮಶಿವಪ್ಪ.

"ಏನಿಲ್ಲ. ಹುಷಾರಾಗಿ ಹೋಗ್ಬನ್ನಿ."

ಬಸ್ಸು ಹೊರಟಿತು. ಆ ಸಂಚಿ ತನ್ನ ಅಜ್ಜಿಯದು ಎಂದು ಉಚ್ಚಂಗಪ್ಪ ಅವತ್ತೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.