ಸವುಳು ಬಾವಿಯಲ್ಲಿ ಅಳಿವೆ ಮೀನು

ಅಂದು ನನ್ನಿವಾಳದ ನಮ್ಮ ಬಾವಿಕಟ್ಟೆಯ ಮೇಲೆ ಸೇರಿದ್ದವರು ಇಷ್ಟು ಜನ: ಕುರ್ಚಿಯಲ್ಲಿ ಚಳ್ಳಕೆರೆಯ ಅಮಲ್ದಾರರು, ಅವರಿಗೆ ಕೊಡೆ ಹಿಡಿದ ಜವಾನ, ಸೆರಗು ಬಿಗಿದು ನಿಂತ ನನ್ನ ಹೆಂಡತಿ ತಿಪ್ಪಕ್ಕ, ನಗುವುದಕ್ಕೆಂದೇ ರಾಂಪುರದಿಂದ ನಡೆದು ಬಂದಿದ್ದ ಅವಳ ತಮ್ಮ ಓಬಯ್ಯ. ಕೆಳಗೆ ಸೊಂಟಮಟ್ಟ ನೀರಿನಲ್ಲಿ ನಾನು. ನನ್ನ ಕೈಯಲ್ಲಿ ಮೀನು.

ಅಮಲ್ದಾರರು ಬಂದದ್ದು ನೀರಿನ ಪರೀಕ್ಷೆಗೆ. ನಮ್ಮೂರಿನದು ಸವುಳು ನೀರು. ಬೇಳೆ ಬೇಯುವುದಿಲ್ಲ, ಬಾಯಾರಿಕೆ ಹೋಗುವುದಿಲ್ಲ. ಕುಡಿಯುವ ನೀರಿಗೆ ಹೆಂಗಸರು ಪಕ್ಕದ ಊರಿನ ಕೆರೆಯವರೆಗೆ ನಡೆಯುತ್ತಿದ್ದರು. ಸರ್ಕಾರ ಈ ಕಡೆಗೆ ಒಂದು ಸಿಹಿನೀರಿನ ಬಾವಿ ತೆಗೆಸುತ್ತದೆ, ಯಾವ ಊರಿಗೆ ಎಂಬುದು ಅಮಲ್ದಾರರ ಮರ್ಜಿ ಎಂದು ಸುದ್ದಿ ಬಂದಿತ್ತು. ಅವರು ಕರಾವಳಿಯವರು, ತಮ್ಮ ಕಡೆಯ ಮೀನಿಲ್ಲದೆ ಅನ್ನ ಸೇರುತ್ತಿಲ್ಲ ಎಂದು ಜವಾನ ಹೇಳಿದ್ದ. ಅಷ್ಟು ಸಾಕಾಯಿತು. ಊರನ್ನು ಉದ್ಧಾರ ಮಾಡಲು ನನಗೆ ನಾನೇ ಅಪ್ಪಣೆ ಕೊಟ್ಟುಕೊಂಡೆ.

ಕಂಬಳಿ ಮಾರಲು ಘಟ್ಟ ಇಳಿದವನು, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಒಬ್ಬ ಬಲೆಗಾರನನ್ನು ವಿಚಾರಿಸಿದೆ. "ಈ ಜಾತಿ ಉಪ್ಪಿಗೂ ಸೈ, ಸಿಹಿಗೂ ಸೈ" ಎಂದ. ನಮ್ಮ ಬಾವಿಯ ನೀರು ಅತ್ತ ಉಪ್ಪೂ ಅಲ್ಲ, ಇತ್ತ ಸಿಹಿಯೂ ಅಲ್ಲ. ದೇವರೇ ಕೂಡಿಸಿದ ಸಂಬಂಧ! ಮಡಕೆಗಳಲ್ಲಿ ಮರಿ ತುಂಬಿಸಿ ಗಾಡಿ ಹೊಡೆದೆ. ದಾರಿಯುದ್ದಕ್ಕೂ ಸತ್ತು ಸತ್ತು, ಊರು ಮುಟ್ಟುವಾಗ ಉಳಿದದ್ದು ಒಂದು ಹಿಡಿ. ಇವೇ ಗಟ್ಟಿ ಪಿಂಡ ಎಂದುಕೊಂಡೆ.

ನಮ್ಮದು ಕುರಿ ಸಾಕುವ ಮನೆತನ. ಕುರಿ ಮೈದುಂಬಿದೆಯೋ ಇಲ್ಲವೋ ತಿಳಿಯಲು ಸೊಂಟದ ಮೇಲೆ ಹೆಬ್ಬೆಟ್ಟು ಒತ್ತಿ ನೋಡುತ್ತೇವೆ. ಎಲುಬು ಸಿಕ್ಕರೆ ಮೇವು ಹೆಚ್ಚಿಸುತ್ತೇವೆ. ಮೀನಿಗೇಕೆ ಬೇರೆ ಶಾಸ್ತ್ರ? ಪ್ರತಿ ಸೋಮವಾರ ಒಂದೊಂದನ್ನೂ ಹಿಡಿದು ಒತ್ತಿದೆ. ಎಲುಬು ಸಿಕ್ಕಿತು. ಬೇಯಿಸಿದ ಹುರುಳಿ ಹಾಕಿ ಮತ್ತೆ ಒತ್ತಿದೆ. ಮತ್ತೆ ಎಲುಬೇ. ಮೀನಿಗೆ ಎಲ್ಲಿ ಒತ್ತಿದರೂ ಎಲುಬೇ ಸಿಗುತ್ತದೆ ಎಂಬುದು ನನ್ನ ಪಾಂಡಿತ್ಯಕ್ಕೆ ಹೊಳೆಯಲಿಲ್ಲ.

ಉದ್ದ ಬೆಳೆದವು, ಸುಳ್ಳಲ್ಲ. ಗೇಣು ಮೀರಿದವು. ತಲೆಯೂ ತಲೆಯ ಹಾಗೇ ಇತ್ತು. ಅಲ್ಲಿಂದ ಬಾಲದವರೆಗೆ ಮೈ ಎಂಬುದು ಬರೀ ವದಂತಿ.

ರಾಂಪುರದವರಿಗೆ ಮೀನೂ ಒಂದೇ, ತೆಲುಗಿನ ಚೇಪವೂ ಒಂದೇ. ಓಬಯ್ಯ ಹಿಂದೊಮ್ಮೆ ಬಂದಾಗ ಒಂದನ್ನು ಎತ್ತಿ ನೋಡಿದ. "ಬಾವ, ಇದು ಚೇಪನೋ, ಚಾಕುನೋ? ಈರುಳ್ಳಿ ಹೆಚ್ಚಬೋದು."

"ಸುಮ್ನಿರಲೇ, ಬೆಳೀತಾ ಐತೆ" ಎಂದೆ.

"ವಾರವಾರ ಹಿಂಡಿದ್ರೆ ಇನ್ನೆಲ್ಲಿ ಬೆಳೀತೈತೆ?" ಎಂದಳು ತಿಪ್ಪಕ್ಕ.

ಇನ್ನು ಅಮಲ್ದಾರರು ಬಂದ ದಿನದ ವಿಷಯ. ಅವರು ಬಾವಿಯ ನೀರು ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಇದನ್ನು ಮನುಷ್ಯರು ಕುಡಿಯುತ್ತಾರೆಯೇ?"

ತಿಪ್ಪಕ್ಕನ ಮುಖ ಅರಳಿತು. ಬಾವಿ ನಮ್ಮೂರಿಗೇ ಎಂದು ಎಲ್ಲರಿಗೂ ಅನಿಸಿತು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಕೈಯಲ್ಲಿ ಮೀನಿತ್ತಲ್ಲ.

"ಬುದ್ಧಿ, ನಿಮ್ಮ ಕಡೆ ಮೀನು. ಇದೇ ನೀರಾಗೆ ಸಾಕಿದ್ದು."

ಅಮಲ್ದಾರರು ಕುರ್ಚಿ ಬಿಟ್ಟೆದ್ದರು. "ಅಳಿವೆಯ ಮೀನು ಇಲ್ಲಿ ಬದುಕಿದೆಯೇ?"

ತಿಪ್ಪಕ್ಕ ತಡಮಾಡಲಿಲ್ಲ. "ಬದುಕೋದೇನ್ ಬಂತು ಬುದ್ಧಿ, ಅದರ ಮೈ ನೋಡ್ರಿ. ಈ ನೀರು ಕುಡ್ದೇ ಹಿಂಗ್ ಸೊರಗೈತೆ. ನಾಳೆ ನಮ್ ಗತಿನೂ ಅಷ್ಟೇಯ."

ಅಂಥ ವಕಾಲತ್ತನ್ನು ಯಾವ ವಕೀಲನೂ ಮಾಡಲಾರ. ಆದರೆ ನನ್ನ ಸಾಕಣೆಯ ಮರ್ಯಾದೆ ಏನಾಗಬೇಕು?

"ಸೊರಗಿಲ್ಲ ಬುದ್ಧಿ. ಬಂದಾಗ ಕಿರುಬೆರಳಷ್ಟಿತ್ತು, ಈಗ ಗೇಣು ಮೀರೈತೆ. ನೀರು ಬಲು ಚೆನ್ನಾಗ್ ಒಗ್ಗೈತೆ. ನೀರಿಂದು ಎಳ್ಳಷ್ಟೂ ದೋಷ ಇಲ್ಲ."

"ಮುಗೀತು ಬಾವ" ಎಂದು ಓಬಯ್ಯ ಹಣೆ ಹಿಡಿದುಕೊಂಡ.

ನಾನು ಮೆಟ್ಟಿಲೇರಿ ನೀಡಿದ ಮೀನಿನ ಮೇಲೆ ಅಮಲ್ದಾರರು ಬೆರಳಾಡಿಸಿದರು. ತಿನ್ನಲು ಏನೂ ಸಿಗದೆ ನಿಟ್ಟುಸಿರು ಬಿಟ್ಟರು. "ನೀರಿಗೆ ದೋಷವಿಲ್ಲವೆಂದು ನೀನೇ ಹೇಳುತ್ತೀಯ. ನನ್ನ ನಾಲಿಗೆಯದೇ ದೋಷವಿರಬೇಕು" ಎಂದು ಗಾಡಿ ಹತ್ತಿದರು.

ಸಿಹಿನೀರಿನ ಬಾವಿ ಪಕ್ಕದ ಊರಿಗೆ ಹೋಯಿತು. ಓಬಯ್ಯ ಈ ಸಂಗತಿಯನ್ನು ಮೊಳಕಾಲ್ಮೂರಿನ ಮಗ್ಗದ ಮನೆಗಳವರೆಗೂ ಹಂಚಿ ಬಂದ. ತಿಪ್ಪಕ್ಕ ಮಾತ್ರ ಬೈಯಲಿಲ್ಲ. ಆ ಬಾವಿಯಲ್ಲಿ ನೀರು ಬಿದ್ದ ಮರುದಿನ, ಕೊಡವನ್ನೂ ಸಿಂಬಿಯನ್ನೂ ತಂದು ನನ್ನ ಮುಂದಿಟ್ಟು "ಹೋಗ್ಬರ್ರಿ" ಎಂದಳು. ನಾನು ಹೋದೆ. ಹೆಂಗಸರ ಸಾಲಿನಲ್ಲಿ ಕೊನೆಗೆ ನಿಂತೆ.